ಬೀಗವಿಲ್ಲದ ಗೇಟು

ತಾಮ್ರದ ಗಣಿಗಳ ನಮ್ಮೂರು ಕಿಟ್ವೆಯಲ್ಲಿ ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಕೋಳಿಮರಿಗೆ ಲಸಿಕೆ ಕೇಳುತ್ತಾರೆ. ಉಳಿದವರು ನಾಯಿಯ ವಿಷಯ ಮಾತಾಡಲು ಬರುತ್ತಾರೆ. ನಾನು ಡಾಕ್ಟರಲ್ಲ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಸಹಾಯಕಿಯಾಗಿದ್ದು, ನಿವೃತ್ತಿಯಾದ ಮೇಲೆ ಈ ಪಶು ಔಷಧಿ ಅಂಗಡಿ ಹಾಕಿಕೊಂಡವಳು. ದೊಡ್ಡ ಮಗನ ಹೆಸರು ಕಸೊಂಡೆ. ಹಾಗಾಗಿ ಊರಿಗೆಲ್ಲ ನಾನು ಬಾನಾ ಕಸೊಂಡೆ, ಅಂದರೆ ಕಸೊಂಡೆಯ ತಾಯಿ.

ಬಾ ಲುಪುಪಾ ನನ್ನ ಅಂಗಡಿಗೆ ಬಂದದ್ದು ಕಳೆದ ವರ್ಷ, ಮಳೆ ಮುಗಿದ ಹೊಸದರಲ್ಲಿ. ಬಾ ಅನ್ನುವುದು ನಮ್ಮಲ್ಲಿ ಹೆಸರಿನ ಮುಂದೆ ಸೇರಿಸುವ ಗೌರವದ ಮಾತು. ಗಣಿಗಳಿಗೆ ಪಂಪು ರಿಪೇರಿ ಮಾಡಿಸಿಕೊಡುವ ಗುತ್ತಿಗೆದಾರ. ಸೋಮವಾರ ಸೊಲ್ವೆಜಿಗೆ ಹೋದರೆ ಶುಕ್ರವಾರ ವಾಪಸು. ಇಸ್ತ್ರಿ ಮಾಡಿದ ಅಂಗಿ, ಮೆಲುದನಿ, ಬಾಗಿಲಲ್ಲಿ ಚಪ್ಪಲಿ ಒರೆಸಿಕೊಂಡು ಒಳಗೆ ಬರುವ ಮರ್ಯಾದೆ.

“ದೊಡ್ಡ ನಾಯಿ ಬೇಕು, ಬಾನಾ ಕಸೊಂಡೆ. ಬೂರ್‌ಬುಲ್ ತಗೋಬೇಕು ಅಂತಿದ್ದೀನಿ. ಹೇಗೆ?”

ಬೂರ್‌ಬುಲ್ ದಕ್ಷಿಣದ ದೊಡ್ಡ ತೋಟಗಳ ಕಾವಲುನಾಯಿ. ಕರುವಿನಷ್ಟು ತೂಕ, ಮಡಕೆಯಷ್ಟು ತಲೆ.

“ಮನೇಲಿ ಯಾರ್ಯಾರಿದ್ದೀರಿ?” ಎಂದು ಕೇಳಿದೆ.

“ನಾನು, ನನ್ನ ಹೆಂಡತಿ. ನಾನು ವಾರವೆಲ್ಲ ಇರಲ್ಲ.”

“ಹಾಗಾದ್ರೆ ಬೇಡವೇ ಬೇಡ. ಆ ಜಾತಿ ನಾಯಿ ಮನೆಯವರ ಮಧ್ಯೆ ಬೆಳೀಬೇಕು. ದಿನಾ ನಡೆಸಬೇಕು, ಮಾತಾಡಿಸಬೇಕು. ಚಿಕ್ಕ ಅಂಗಳದಲ್ಲಿ ಒಂಟಿ ಬಿಟ್ರೆ ತಲೆ ಕೆಡುತ್ತೆ ಅದಕ್ಕೆ. ನಿಮ್ಮ ಹೆಂಡತಿಗೆ ಜೊತೆ ಬೇಕಾದ್ರೆ ನಮ್ಮ ಬೀದೀಲೇ ಒಂದು ನಾಡುನಾಯಿ ಮರಿ ಇದೆ, ತಗೊಂಡು ಹೋಗಿ. ಊಟ ಕಮ್ಮಿ, ಕಾಯಿಲೆ ಕಮ್ಮಿ, ಬೊಗಳೋದು ಮಾತ್ರ ಜಾಸ್ತಿ.”

ಅವರು ನಕ್ಕರು. “ಬೊಗಳೋದು ಯಾರಿಗೆ ಬೇಕು? ಒಳಗಿರೋದು ಒಳಗೇ ಇದ್ರೆ ಸಾಕು.”

ಮನೆಯಲ್ಲಿ ತಾಮ್ರದ ಸಾಮಾನು ಕೂಡಿಟ್ಟಿರಬೇಕು ಎಂದುಕೊಂಡೆ. ನಾಯಿಗೆ ಕೊಡುವ ಜಂತುಹುಳುವಿನ ಮಾತ್ರೆ ಕೊಂಡು ಹೊರಟರು. ಆ ಬೂರ್‌ಬುಲ್ ನಾಯಿಯನ್ನೇ ತಂದರೆಂದು ಆಮೇಲೆ ಗೊತ್ತಾಯಿತು. ಹೆಸರು ಕಪಿತಾವ್ ಅಂತೆ. ನಮ್ಮ ಕಡೆ ಮೇಸ್ತ್ರಿಗೆ ಹಾಗೆ ಹೇಳುತ್ತಾರೆ.

ಎಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ಹೆಂಗಸಿನ ದನಿ, ಗಂಟಲಲ್ಲೇ ಮಾತಾಡುವಂತಿತ್ತು.

“ಬಮಾಯೋ, ನಾನು ಎಕ್ಸಿಲ್ಡಾ. ಬಾ ಲುಪುಪಾ ಅವರ ಮನೆಯಿಂದ. ನಾಯಿ ಮೂರು ದಿನದಿಂದ ತಲೆ ಒದರ್ತಾ ಇದೆ. ಒಂದು ಕಡೆ ವಾಲಿಸ್ಕೊಂಡೇ ನಡೆಯುತ್ತೆ. ಕಿಟಕಿವರೆಗೂ ವಾಸನೆ ಬರುತ್ತೆ.”

ಬಮಾಯೋ ಅಂದರೆ ತಾಯಿ. ಚಿಕ್ಕವರು ಹಿರಿಯ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಆದರೆ ಆ ಹುಡುಗಿ ಆ ಮಾತನ್ನು ಹೇಳಿದ್ದು ರೂಢಿಗಾಗಿ ಅಲ್ಲ ಅನ್ನಿಸಿತು.

“ಕಿವೀಲಿ ಕೀವಾಗಿದೆ. ಕರ್ಕೊಂಡು ಬನ್ನಿ.”

“ಬರೋಕಾಗಲ್ಲ.”

“ಗಾಡಿ ಇಲ್ವಾ?”

“ಬರೋಕಾಗಲ್ಲ, ಬಮಾಯೋ.”

ಕೊನೆಗೆ ಬಾ ಲುಪುಪಾ ಅವರೇ ಫೋನ್ ಮಾಡಿದರು. ಬೆಲೆಬಾಳುವ ನಾಯಿ, ದಯವಿಟ್ಟು ಹೋಗಿ ನೋಡಿ, ತಮ್ಮ ಚಿಕ್ಕಪ್ಪನ ಮಗ ಕಲಾಲಾ ದಿನಾ ಬೆಳಿಗ್ಗೆ ಬಂದು ಅದಕ್ಕೆ ಊಟ ಹಾಕುತ್ತಾನೆ, ಅವನೇ ಹಿಡಿದುಕೊಳ್ಳುತ್ತಾನೆ ಎಂದರು.

ಮಂಗಳವಾರ ಹೋದೆ. ಎತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು. ಆದರೆ ಗೇಟಿಗೆ ಬೀಗವೇ ಇರಲಿಲ್ಲ. ಒಂದು ಚಿಲಕ, ಅಷ್ಟೆ. ಹೊರಗಿನಿಂದಲೂ ಕೈ ಹಾಕಿ ತೆಗೆಯಬಹುದಾದ ಚಿಲಕ. ಕಲಾಲಾ ಒಳಗಿನಿಂದ ಕೂಗಿದ: “ಬನ್ನಿ, ಕಟ್ಟಿದ್ದೀನಿ!”

ನಲವತ್ತು ದಾಟಿದ ಮನುಷ್ಯ. ಕಪ್ಪು ಕೋಟು ಹಾಕಿ ಯಾವುದೋ ಶವಸಂಸ್ಕಾರಕ್ಕೆ ತಯಾರಾಗಿದ್ದ, ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ನಾಯಿಯನ್ನು ಕಂಬಕ್ಕೆ ಬಿಗಿದಿದ್ದ. ನಾನು ಹತ್ತು ಹೆಜ್ಜೆ ದೂರದಲ್ಲಿರುವಾಗಲೇ ಸರಪಳಿ ಕಿತ್ತುಬರುವಂತೆ ಎಗರಿತು. ಬಾಯಿಗೆ ಚರ್ಮದ ಪಟ್ಟಿ ಬಿಗಿದು, ಕಲಾಲಾ ಅದರ ಕತ್ತನ್ನು ತೊಡೆಯ ಸಂದಿಯಲ್ಲಿ ಅವುಚಿಕೊಂಡ ಮೇಲೂ ಕಿವಿಯೊಳಗೆ ಒಂದು ಸಲ ಇಣುಕುವಷ್ಟು ಮಾತ್ರ ಸಾಧ್ಯವಾಯಿತು. ಒಳಗೆಲ್ಲ ಕಂದು ಬಣ್ಣದ ಹುಣ್ಣು, ಎಷ್ಟೋ ದಿನದ್ದು. ದಿನಾ ಬೆಳಿಗ್ಗೆ ಬಿಡಲು ಕಲಾಲಾನ ಕೈಗೆ ಔಷಧಿಯ ಬಾಟಲಿ ಕೊಟ್ಟು, ಹೇಗೆ ಬಿಡಬೇಕೆಂದು ತೋರಿಸಿದೆ. ನನ್ನ ಚೀಲವನ್ನು ಅಲ್ಲೇ ನಲ್ಲಿಯ ಹತ್ತಿರ ಇಟ್ಟು, ಸೋಪಿನಿಂದ ಕೈ ತೊಳೆಯಲು ಅಡುಗೆಮನೆಗೆ ಹೋದೆ.

ಅವಸರದಲ್ಲಿ ಚೀಲವನ್ನು ಗಮನಿಸದೆ, ನಾನು ಹೊರಟುಹೋದೆ ಎಂದುಕೊಂಡ ಕಲಾಲಾ. ಬಾಯಿಯ ಪಟ್ಟಿ ಬಿಚ್ಚಿ, ಸರಪಳಿ ಕಳಚಿ, ಗೇಟು ಮುಂದೆ ಮಾಡಿ ಹೋಗಿಯೇಬಿಟ್ಟ. ಕೈ ಒರೆಸಿಕೊಳ್ಳುತ್ತ ಹೊರಗೆ ಒಂದು ಕಾಲಿಟ್ಟೆನೋ ಇಲ್ಲವೋ, ಹಿಂದಿನಿಂದ ಯಾರೋ ನನ್ನ ರವಿಕೆ ಹಿಡಿದು ಒಳಗೆಳೆದರು. ಕಬ್ಬಿಣದ ಜಾಲರಿ ಬಾಗಿಲು ಬಡಿದುಕೊಂಡಿತು. ಮರುಕ್ಷಣ ಅದರ ಆಚೆ ಆ ನಾಯಿಯ ಎದೆ ಬಂದು ಅಪ್ಪಳಿಸಿದ ಸದ್ದಿಗೆ ಕಪಾಟಿನ ತಟ್ಟೆಗಳು ಅಲುಗಾಡಿದವು.

ನನ್ನನ್ನು ಎಳೆದವಳು ಎಕ್ಸಿಲ್ಡಾ. ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣು, ತೆಳ್ಳಗೆ, ಕಣ್ಣಿನ ಸುತ್ತ ಕಪ್ಪು. ಗಾಬರಿಯಾದಂತೆ ಕಾಣಲಿಲ್ಲ.

“ಕೂತ್ಕೊಳ್ಳಿ, ಬಮಾಯೋ. ಇನ್ನು ಬಾ ಕಲಾಲಾ ಬರೋವರೆಗೂ ಹೀಗೇ,” ಎಂದಳು.

ನನ್ನ ಫೋನ್ ಹೊರಗಿನ ಚೀಲದಲ್ಲಿತ್ತು, ಕಲಾಲಾನದು ಸ್ವಿಚ್ ಆಫ್ ಆಗಿತ್ತು. ಅವಳ ಫೋನಿನಿಂದಲೇ ಬಾ ಲುಪುಪಾಗೆ ಮಾಡಿದೆ. ನಡೆದದ್ದು ಕೇಳಿ ಆತ ಮನಸಾರೆ ನಕ್ಕ.

“ನೋಡಿದ್ರಾ ಬಾನಾ ಕಸೊಂಡೆ! ನೀವು ಬೇಡ ಅಂದ ನಾಯಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ. ಇರಿ, ಇರಿ. ಸಾಯಂಕಾಲ ಕಲಾಲಾ ಬರ್ತಾನೆ. ಎಕ್ಸಿಲ್ಡಾ ಊಟ ಹಾಕ್ತಾಳೆ.”

ಆಗ ಬೆಳಿಗ್ಗೆ ಹತ್ತು ಗಂಟೆ. ಅಡುಗೆಮನೆ ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಕಿಟಕಿಗೂ ಸರಳು, ಬಾಗಿಲಿಗೂ ಸರಳು. ಮುಂಬಾಗಿಲಿನಿಂದ ಹೋಗೋಣವೆಂದರೆ ಅದೂ ಅದೇ ಅಂಗಳಕ್ಕೆ. ನಾವು ಒಳಗೆ ಎಲ್ಲಿಗೆ ಹೋದರೂ ನಾಯಿ ಹೊರಗಿನಿಂದ ನಮ್ಮೊಂದಿಗೇ ನಡೆಯುತ್ತಿತ್ತು, ಕಿಟಕಿಯಿಂದ ಕಿಟಕಿಗೆ. ಅರ್ಧ ಗಂಟೆಯಲ್ಲಿ ನನಗೆ ಉಸಿರು ಕಟ್ಟಿತು. ಅಂಗಡಿ ತೆರೆದೇ ಬಂದಿದ್ದೆ, ಪಕ್ಕದವಳಿಗೆ ಹೇಳಿರಲಿಲ್ಲ. ಸುಮ್ಮನೆ ಎದ್ದು ಕೂರುವುದು, ಮತ್ತೆ ಏಳುವುದು.

ಎಕ್ಸಿಲ್ಡಾ ಸೊಪ್ಪು ಹೆಚ್ಚುತ್ತ ನನ್ನನ್ನೇ ನೋಡುತ್ತಿದ್ದಳು. “ಮೊದಲ ತಿಂಗಳು ನಂಗೂ ಹೀಗೇ ಆಗ್ತಿತ್ತು,” ಎಂದಳು.

“ಮೊದಲ ತಿಂಗಳು ಅಂದ್ರೆ?”

“ನಾನು ಆ ಗೇಟು ದಾಟಿ ಎಂಟು ತಿಂಗಳಾಯ್ತು. ಭಾನುವಾರ ಚರ್ಚಿಗೆ ಅವರು ಕರ್ಕೊಂಡು ಹೋಗ್ತಾರೆ. ಕಾರಲ್ಲಿ ಹೋಗೋದು, ಕಾರಲ್ಲಿ ಬರೋದು. ಅದು ದಾಟಿದ ಲೆಕ್ಕ ಅಲ್ಲ.”

ಬಟ್ಟೆ ಒಣಗಿಸಲು? ಒಳಗಿನ ಕೋಣೆಯಲ್ಲಿ. ತರಕಾರಿ? ಕಲಾಲಾ ತಂದು ಜಾಲರಿಯ ಸಂದಿಯಲ್ಲಿ ತೂರಿಸುತ್ತಾನೆ. ಫೋನು? ಯಾರಿಗೆ ಮಾಡಿದಳೆಂದು ಶುಕ್ರವಾರ ಗಂಡ ಒಂದೊಂದೇ ನಂಬರು ನೋಡುತ್ತಾನೆ. “ನಾಯಿ ವಿಷಯ ಅಂದ್ರೆ ಮಾತ್ರ ಏನೂ ಅನ್ನಲ್ಲ. ಅದಕ್ಕೇ ನಿಮಗೆ ಮಾಡಿದೆ.”

“ಊರಲ್ಲಿ ನಿಮ್ಮವರಿಲ್ವಾ?”

“ಇದ್ದಾರೆ. ಎರಡು ಸಲ ಹೋಗಿದ್ದೆ, ನಾಯಿ ಬರೋಕೆ ಮುಂಚೆ. ನನ್ನ ಚಿಕ್ಕಪ್ಪಂದಿರು ಎರಡು ಸಲಾನೂ ತಂದು ಬಿಟ್ಟುಹೋದ್ರು. ‘ಹೊಡೀತಾನಾ?’ ಅಂದ್ರು. ‘ಇಲ್ಲ’ ಅಂದೆ. ‘ಕುಡೀತಾನಾ?’ ‘ಇಲ್ಲ.’ ‘ಬೀಗ ಹಾಕ್ತಾನಾ?’ ಅವರಿಗೆ ಏನು ಹೇಳ್ಲಿ? ಅವತ್ತೂ ಬೀಗ ಇರ್ಲಿಲ್ಲ, ಇವತ್ತೂ ಇಲ್ಲ. ನೀವೇ ನೋಡಿದ್ರಲ್ಲ.”

‘ಒಳಗಿರೋದು ಒಳಗೇ ಇದ್ರೆ ಸಾಕು’ ಎಂದು ನನ್ನ ಅಂಗಡಿಯಲ್ಲಿ ನಿಂತು ಆತ ಹೇಳಿದ ಮಾತು ಆಗ ನೆನಪಾಯಿತು. ತಾಮ್ರ ಎಂದುಕೊಂಡಿದ್ದೆನಲ್ಲ!

ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ, ಗೆಣಸಿನ ಸೊಪ್ಪಿನ ಪಲ್ಯ, ಹುರಿದ ಒಣಮೀನು. ಸೆಕೆ ತಡೆಯಲಾರದೆ ನಾನು ಸೊಂಟಕ್ಕೆ ಸುತ್ತಿದ್ದ ಚಿತೆಂಗೆ ಬಿಚ್ಚಿ ಕುರ್ಚಿಯ ಮೇಲೆ ಹಾಕಿದೆ. ಕೆಲಸಕ್ಕೆ ಹೋಗುವಾಗ ನಾನು ಪ್ಯಾಂಟಿನ ಮೇಲೆ ಆ ಹೂವಿನ ಬಟ್ಟೆ ಸುತ್ತಿಕೊಳ್ಳುತ್ತೇನೆ, ನಮ್ಮ ಕಡೆ ಹೆಂಗಸರೆಲ್ಲ ಸುತ್ತುವ ಹಾಗೆ. ತಟ್ಟೆ ಹಿಡಿದು ಜಾಲರಿಯ ಹತ್ತಿರ ಕೂತೆ.

ನಾಯಿ ಬಂತು. ಮೂಸಿತು. ಎಗರಲಿಲ್ಲ. ತಲೆಯನ್ನು ನೋಯುವ ಕಡೆಗೆ ವಾಲಿಸಿಕೊಂಡು, ನನ್ನ ತಟ್ಟೆ ನೋಡುತ್ತ ನಿಂತಿತು.

ಮುದ್ದೆಯ ತುಣುಕೊಂದನ್ನು ಆಚೆ ಹಾಕಿದೆ. ತಿಂದಿತು. ಬಾಲ ನೆಟ್ಟಗಿರಲಿಲ್ಲ, ಸಡಿಲವಾಗಿತ್ತು.

“ಎಕ್ಸಿಲ್ಡಾ, ಇಲ್ಲಿ ಬಾ.”

ಅವಳು ಎರಡು ಹೆಜ್ಜೆ ಬರುತ್ತಿದ್ದಂತೆ ಅದೇ ನಾಯಿ ಸಿಡಿಲಿನಂತೆ ಜಾಲರಿಯ ಮೇಲೆ ಬಿತ್ತು. ಎಂಜಲು ನಮ್ಮಿಬ್ಬರ ಮುಖಕ್ಕೂ ಸಿಡಿಯಿತು. ಅವಳು ಹಿಂದಕ್ಕೆ ಹಾರಿ ಗೋಡೆಗೆ ಒರಗಿದಳು. “ಗೊತ್ತಲ್ಲ ನಿಮಗೆ! ಯಾಕೆ ಕರೆದ್ರಿ?”

“ಬಟ್ಟೆ ಬಿಚ್ಚು.”

“ಆಂ?”

“ಸೊಂಟದ ಚಿತೆಂಗೆ ಬಿಚ್ಚಿಟ್ಟು ಬಾ. ಒಳಗೆ ಲಂಗ ಇದೆಯಲ್ಲ.”

ಬಿಚ್ಚಿ ಬಂದಳು, ಒಂದೊಂದೇ ಹೆಜ್ಜೆ. ನಾಯಿ ಗುರ್ ಅಂದಿತು, ಬೆನ್ನ ಕೂದಲು ನಿಂತೇ ಇತ್ತು, ಆದರೆ ಎಗರಲಿಲ್ಲ. ನಾನು ಆ ಬಟ್ಟೆಯನ್ನು ಪೊರಕೆಯ ತುದಿಗೆ ಸಿಕ್ಕಿಸಿ ಕಿಟಕಿಯ ಸರಳಿನ ಹತ್ತಿರ ಹಿಡಿದೆ. ನಾಯಿ ಹುಚ್ಚೆದ್ದಂತೆ ಅತ್ತ ಓಡಿ, ಸರಳನ್ನೇ ಕಚ್ಚತೊಡಗಿತು.

“ಈ ನಾಯಿಗೆ ನಿನ್ನ ಮೇಲೆ ಸಿಟ್ಟಿಲ್ಲ, ಮಗಳೇ,” ಎಂದೆ. “ಯಾರೋ ಇದಕ್ಕೆ ಈ ಬಟ್ಟೆ ತೋರಿಸಿ ಹೊಡೆದಿದ್ದಾರೆ. ನಿನ್ನ ವಾಸನೆಯ ಬಟ್ಟೇನೇ.”

ಎಕ್ಸಿಲ್ಡಾ ನೆಲದ ಮೇಲೆ ಕೂತಳು.

“ನಾಯಿ ಬಂದ ಹೊಸದರಲ್ಲಿ ಒಬ್ಬ ಟ್ರೇನಿಂಗ್‌ನವನು ಬರ್ತಿದ್ದ,” ಎಂದಳು. “ನನ್ನ ಕೆಂಪು ಚಿತೆಂಗೆ ಸುತ್ಕೊಂಡು ಅಂಗಳದಲ್ಲಿ ಕುಣೀತಿದ್ದ. ನಮ್ಮ ಮದುವೆಗೆ ಹೆಂಗಸರೆಲ್ಲ ಸೇರಿ ಕೊಟ್ಟಿದ್ದ ಬಟ್ಟೆ. ಒಗೆಯೋಕೆ ಹಾಕಿದ್ದನ್ನ ಇವರೇ ತಗೊಂಡು ಹೋಗಿ ಕೊಟ್ಟಿದ್ರು. ಕೈಲಿ ಕೋಲು. ನಾನು ಕಿಟಕೀಲಿ ನಿಂತು ನಗ್ತಿದ್ದೆ, ಬಮಾಯೋ. ಗಂಡಸು ಚಿತೆಂಗೆ ಉಟ್ಟಿದ್ದಾನೆ ಅಂತ ನಗ್ತಿದ್ದೆ. ಇವರೂ ನನ್ನ ಪಕ್ಕದಲ್ಲೇ ನಿಂತು ನಕ್ಕರು.”

ಅವಳು ಅಳಲಿಲ್ಲ. ಒಲೆಯ ಮೇಲಿನ ಪಾತ್ರೆ ಇಳಿಸಿ, ಅದು ಹೊಳೆಯುವವರೆಗೂ ಉಜ್ಜಿದಳು. ಆಮೇಲೆ ತಿರುಗಿ, “ಹಾಗಾದ್ರೆ ಚಿತೆಂಗೆ ಇಲ್ಲದೆ ಹೋದ್ರೆ ಬಿಡುತ್ತಾ?” ಎಂದಳು.

“ಇಲ್ಲ. ನಿನ್ನ ಮೈ ವಾಸನೇನೂ ಅದಕ್ಕೆ ಗೊತ್ತು. ಕಿವಿ ಬೇರೆ ನೋಯ್ತಾ ಇದೆ. ನೋವಿರೋ ನಾಯಿ ಯಾರಿಗೂ ನೆಂಟ ಅಲ್ಲ. ಆದ್ರೆ ಕಲಿತದ್ದನ್ನ ಮರೆಸಬಹುದು. ಪೂರ್ತಿ ಅಲ್ಲ. ಅಂಗಳ ದಾಟೋ ಅಷ್ಟು.”

“ಎಷ್ಟು ದಿನ?”

“ಆರು ವಾರ. ಎರಡು ತಿಂಗಳೂ ಆಗಬಹುದು. ಅವಸರ ಮಾಡಿದ್ರೆ ಎಲ್ಲಾ ಮೊದಲಿಂದ.”

“ಎಂಟು ತಿಂಗಳು ಕಳೆದಿದ್ದೀನಿ,” ಎಂದಳು ಎಕ್ಸಿಲ್ಡಾ.

ಕಲಾಲಾ ಬಂದದ್ದು ಸಂಜೆ ಐದಕ್ಕೆ. ಕೈಮುಗಿದು ಕ್ಷಮೆ ಕೇಳಿದ. ಗೇಟಿನಾಚೆ ಬಂದವಳು ರಸ್ತೆಯ ತಿರುವು ಸಿಗುವವರೆಗೂ ಓಡುನಡಿಗೆಯಲ್ಲಿ ಹೋದೆ. ಏಳೇ ಗಂಟೆ ಒಳಗಿದ್ದವಳು ನಾನು.

ಅವತ್ತಿನಿಂದ ಮಂಗಳವಾರ, ಗುರುವಾರ ನಾಯಿಯ ಕಿವಿಯ ನೆಪದಲ್ಲಿ ಫೋನು. ನಾನು ಹೇಳುತ್ತಿದ್ದದ್ದೆಲ್ಲ ನಾಯಿ ಸಾಕುವ ಯಾರಿಗಾದರೂ ಹೇಳುವ ಮಾತೇ. ನಿನ್ನ ತಟ್ಟೆಯಿಂದ ಸ್ವಲ್ಪ ಒಣಮೀನು, ಸ್ವಲ್ಪ ಮುದ್ದೆ ಎತ್ತಿಡು. ಈರುಳ್ಳಿ ಹಾಕಿದ್ದು ಬೇಡ, ಬೇಯಿಸಿದ ಕೋಳಿಮೂಳೆ ಬೇಡವೇ ಬೇಡ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಅದಕ್ಕೆ ಅದು ಜಗಳ. ಪಕ್ಕಕ್ಕೆ ತಿರುಗಿ ಕೂತ್ಕೋ. ಚಿತೆಂಗೆಯನ್ನು ಕೋಣೆಯ ಆ ತುದಿಯಲ್ಲಿ ನೇತುಹಾಕು. ಅದು ಕಂಡ ಕೂಡಲೇ ಮೀನು ಹಾಕು, ಅದನ್ನು ತೆಗೆದ ಕೂಡಲೇ ಮೀನು ನಿಲ್ಲಿಸು. ಬಟ್ಟೆ ಬಂದರೆ ಊಟ ಬರುತ್ತೆ ಅಂತ ಅದಕ್ಕೆ ಅನ್ನಿಸಬೇಕು. ದಿನಕ್ಕೆ ಒಂದು ಹೆಜ್ಜೆ ಹತ್ತಿರ ತಾ. ಗುರ್ ಅಂದರೆ ಎರಡು ಹೆಜ್ಜೆ ಹಿಂದಕ್ಕೆ. ನಿದ್ದೆ ಬರದೆಯೂ ಆಕಳಿಸಿ, ಹಸಿವಿಲ್ಲದೆಯೂ ತುಟಿ ನೆಕ್ಕಿಕೊಂಡರೆ ಅದಕ್ಕೆ ಭಯ ಅಂತ ತಿಳ್ಕೋ, ಅವತ್ತಿಗೆ ಸಾಕು ಮಾಡು.

“ಅದಕ್ಕೆ ಭಯಾನಾ?” ಎಂದು ಅವಳು ಕೇಳಿದ್ದಳು. “ನನ್ನ ಕಂಡ್ರೆ ಭಯಾನಾ?”

“ಅಷ್ಟು ಬೊಗಳೋದು ಮತ್ಯಾಕೆ?”

ಕಿವಿ ವಾಸಿಯಾಗುತ್ತ ಬಂತು. ಎರಡನೆಯ ವಾರದ ಕೊನೆಗೆ ನಾಯಿ ತಾನಾಗಿಯೇ ಅಡುಗೆಮನೆಯ ಜಾಲರಿಯ ಬಳಿ ಮಲಗತೊಡಗಿತು. ಎಕ್ಸಿಲ್ಡಾಳ ದನಿಯಲ್ಲಿ ನಗು ಬಂದಿತ್ತು. “ಗೊರಕೆ ಹೊಡೆಯುತ್ತೆ, ಬಮಾಯೋ. ನಮ್ಮ ಪಾದ್ರಿಗಳ ಹಾಗೆ.”

ಮೂರನೆಯ ವಾರ ಅವಳು ಅವಸರಪಟ್ಟಳು. ಬಟ್ಟೆ ಸುತ್ತಿಕೊಂಡೇ ಜಾಲರಿಯ ಸಂದಿಯಿಂದ ಕೈ ಹೊರಗೆ ಹಾಕಿದಳು. ನಾಯಿ ಎರಡು ಬೆರಳಿಗೆ ಹಲ್ಲು ಹಾಕಿತು.

“ಫೋನ್ ಇಡಬೇಡ,” ಎಂದೆ. “ನಲ್ಲಿ ಬಿಡು. ಸೋಪು ಹಾಕಿ ತೊಳಿ. ಹದಿನೈದು ನಿಮಿಷ. ನಾನು ಸಾಕು ಅನ್ನೋವರೆಗೂ ನಿಲ್ಲಿಸಬೇಡ.” ನೀರಿನ ಸದ್ದು, ಅವಳ ಬಿಕ್ಕು ಎರಡೂ ಕೇಳಿಸುತ್ತಿದ್ದವು. ನಾಯಿಗೆ ಹುಚ್ಚಿನ ಲಸಿಕೆ ಆಗಿತ್ತು, ಚೀಟಿ ನಾನೇ ನೋಡಿದ್ದೆ. ಆದರೂ ಅವಳಿಗೆ ಇಂಜೆಕ್ಷನ್ ಆಗಲೇಬೇಕಿತ್ತು. ಬಾ ಲುಪುಪಾಗೆ ಫೋನ್ ಮಾಡಿ, ಇವತ್ತೇ ಕರೆದುಕೊಂಡು ಹೋಗದಿದ್ದರೆ ನಾಳೆ ನಾನೇ ಆಸ್ಪತ್ರೆಯ ನರ್ಸನ್ನು ಕರೆದುಕೊಂಡು ಬರುತ್ತೇನೆ ಎಂದೆ. ಸೊಲ್ವೆಜಿಯಿಂದ ಬಂದ. ಅವಳನ್ನು ಕರೆದೊಯ್ದ, ಕರೆತಂದ. ಆಸ್ಪತ್ರೆಯ ಬಾಗಿಲಿನಿಂದ ಇಂಜೆಕ್ಷನ್ ಕೋಣೆಯವರೆಗೂ ಅವಳ ಮಣಿಕಟ್ಟು ಅವನ ಕೈಯಲ್ಲೇ ಇತ್ತಂತೆ. ಕಂಡವರು ಎಷ್ಟು ಪ್ರೀತಿಯ ಗಂಡ ಅಂದರಂತೆ.

“ನಾಯಿ ಹತ್ರ ಕೈ ಯಾಕೆ ಹಾಕಿದೆ ಅಂತ ಒಂದೇ ಸಲ ಕೇಳಿದ್ರು,” ಎಂದಳು ಮುಂದಿನ ಮಂಗಳವಾರ. “ಆಮೇಲೆ ಏನೂ ಅನ್ನಲಿಲ್ಲ. ಖುಷಿಯಾಗಿದ್ರು.”

ನನ್ನ ಸಲಹೆ ಕೇಳಿ ಅವಳ ಕೈಗೆ ಹಲ್ಲು ಬಿದ್ದಿತ್ತು. ಬಿಟ್ಟುಬಿಡೋಣ, ಪೊಲೀಸರಿಗೇ ಹೇಳೋಣ ಎಂದೆ.

“ಬೇಡ. ನಮ್ಮ ಚಿಕ್ಕಪ್ಪಂದಿರನ್ನ ಕರೆಸಿ ಕೂರಿಸ್ತಾರೆ. ಅವರು ಮತ್ತೆ ಇಲ್ಲೇ ತಂದು ಬಿಡ್ತಾರೆ. ನಾನಾಗಿ ನಡೆದು ಹೋಗಿ, ಎಂಡೋಲದಲ್ಲಿರೋ ನಮ್ಮಕ್ಕನ ಮನೇಲಿ ಕೂತು, ಬರಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ನಡೆದು ಹೋಗಬೇಕು, ಬಮಾಯೋ. ಮತ್ತೆ ಮೊದಲಿಂದ ಹೇಳಿಕೊಡಿ.”

ಮೊದಲಿನಿಂದ ಹೇಳಿಕೊಟ್ಟೆ.

ಏಳನೆಯ ವಾರ ಅವಳು ಜಾಲರಿ ಬಾಗಿಲನ್ನು ಒಂದು ಗೇಣು ತೆರೆದಳು. ಎಂಟನೆಯ ವಾರ ಮೆಟ್ಟಿಲ ಮೇಲೆ ಕೂತಳು. ಚಿತೆಂಗೆ ಸುತ್ತಿಕೊಂಡೇ ಕೂತಳು. ಅದನ್ನು ಬಿಡಲು ಕೊನೆಗೂ ಒಪ್ಪಲಿಲ್ಲ. ಕಪಿತಾವ್ ಬಂದು ತನ್ನ ಅಷ್ಟೂ ಭಾರವನ್ನು ಅವಳ ಮೊಣಕಾಲಿಗೆ ಒರಗಿಸಿ ನಿಂತಿತಂತೆ. “ಇದರ ಅರ್ಥ ಏನು?” ಎಂದು ಪಿಸುದನಿಯಲ್ಲಿ ಫೋನಿನಲ್ಲಿ ಕೇಳಿದಳು. “ಆ ಜಾತಿ ನಾಯಿ ತನ್ನವರಿಗೆ ಮಾತ್ರ ಒರಗುತ್ತೆ,” ಎಂದೆ.

ಹೊರಡುವ ದಿನ ಗುರುವಾರ ಎಂದು ಗೊತ್ತುಮಾಡಿದೆವು. ಕಲಾಲಾ ಊಟ ಹಾಕಿ ಹೋದ ಮೇಲೆ, ಹನ್ನೊಂದು ಗಂಟೆಗೆ. ನಾನು ಬಾಡಿಗೆ ಕಾರಿನಲ್ಲಿ ಗೇಟಿನ ಎದುರು, ರಸ್ತೆಯಾಚೆ ಮಾವಿನ ಮರದ ಕೆಳಗೆ ಕಾಯುತ್ತಿದ್ದೆ. ಗೇಟಿನ ಸರಳುಗಳ ನಡುವೆ ಅಂಗಳ ಪೂರ್ತಿ ಕಾಣುತ್ತಿತ್ತು.

ಬಾಗಿಲು ತೆರೆಯಿತು. ಎಕ್ಸಿಲ್ಡಾ ಒಂದು ಬಟ್ಟೆಗಂಟು ಹಿಡಿದು ಮೆಟ್ಟಿಲಿಳಿದಳು. ನಾಯಿ ಎದ್ದು ಅವಳ ಪಕ್ಕಕ್ಕೆ ಬಂತು. ನಾನು ಹೇಳಿದಂತೆಯೇ, ಓಡದೆ, ತಿರುಗಿ ನೋಡದೆ, ನಿಧಾನಕ್ಕೆ ನಡೆಯುತ್ತಿದ್ದಳು. ಅರ್ಧ ಅಂಗಳ ದಾಟಿರಬಹುದು. ಅಷ್ಟರಲ್ಲಿ ಬಿಳಿ ಪಿಕಪ್ ಬಂದು ಗೇಟಿನ ಮುಂದೆ ನಿಂತಿತು.

ಬಾ ಲುಪುಪಾ. ಯಾಕೆ ಒಂದು ದಿನ ಮುಂಚೆ ಬಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಳಿದು, ಗೇಟು ತೆರೆದು, ಒಳಗೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟ. ಹೆಂಡತಿ ಅಂಗಳದ ನಡುವೆ ನಿಂತಿದ್ದಾಳೆ. ನಾಯಿ ಪಕ್ಕದಲ್ಲಿದೆ.

ನಾನು ಕಾರಿನಿಂದಿಳಿದು ರಸ್ತೆ ದಾಟಿದೆ. ಗೇಟಿನ ಬಳಿ ನಿಂತೆ.

“ಎಕ್ಸಿಲ್ಡಾ, ಒಳಗೆ ಹೋಗು,” ಎಂದ, ಅದೇ ಮೆಲುದನಿಯಲ್ಲಿ.

ಅವಳು ಅಲುಗಾಡಲಿಲ್ಲ.

“ಕಪಿತಾವ್! ಹಿಡಿ!”

ನಾಯಿಯ ಮೈ ಬಿಗಿಯಾಯಿತು. ಬೆನ್ನ ಕೂದಲು ಎದ್ದಿತು. ಅವನ ಕಡೆ ನೋಡಿತು, ಅವಳ ಚಿತೆಂಗೆ ನೋಡಿತು. ಆಕಳಿಸಿತು, ತುಟಿ ನೆಕ್ಕಿಕೊಂಡಿತು. ಎಕ್ಸಿಲ್ಡಾ ಅದರ ಕಡೆ ನೋಡದೆ ಮುಖ ಪಕ್ಕಕ್ಕೆ ತಿರುಗಿಸಿ, ಕೈ ಇಳಿಬಿಟ್ಟು ನಿಂತಳು.

“ಹಿಡಿ ಅಂದೆ!”

ನಾಯಿ ಅಲ್ಲೇ, ಇಬ್ಬರ ನಡುವಿನ ಬಿಸಿಲಲ್ಲಿ, ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿಬಿಟ್ಟಿತು. ಅವನ ಕಡೆಗೂ ಹೋಗಲಿಲ್ಲ, ಅವಳ ಕಡೆಗೂ ಬರಲಿಲ್ಲ. ಸಣ್ಣಗೆ ಕುಂಯ್‌ಗುಟ್ಟತೊಡಗಿತು.

ಎಕ್ಸಿಲ್ಡಾ ನಡೆದಳು. ನಾಯಿಯನ್ನು ದಾಟಿದಳು. ಗಂಡನ ಮುಂದೆ ಬಂದಳು. ಅವನು ಕೈ ಚಾಚಿದ್ದರೆ ಸಿಗುತ್ತಿದ್ದಳು. ಆದರೆ ಹೊರಟವರನ್ನು ಆತ ತನ್ನ ಕೈಯಿಂದಲೇ ಎಳೆದು ನಿಲ್ಲಿಸಿದ ಮನುಷ್ಯನಲ್ಲ. ಚಿಕ್ಕಪ್ಪಂದಿರು ತಡೆದಿದ್ದರು, ಕಲಾಲಾ ಕಾದಿದ್ದ, ನಾಯಿ ನಿಂತಿತ್ತು. ಈಗ ಎದುರು ಮನೆಯ ಹೆಂಗಸರಿಬ್ಬರು ಬಾಗಿಲಿಗೆ ಬಂದು ನೋಡುತ್ತಿದ್ದರು. ಅವನು ಅಂಗಿಯ ತೋಳು ಸರಿಮಾಡಿಕೊಂಡ.

“ಎಲ್ಲಿಗೆ ಹೋಗ್ತೀಯ? ಯಾರು ಇಟ್ಕೋತಾರೆ ನಿನ್ನ?”

“ನಡೀತಾ ಹೋಗ್ತೀನಿ,” ಎಂದಳು ಎಕ್ಸಿಲ್ಡಾ.

ಕಾರಿನಲ್ಲಿ ಕೂತ ಮೇಲೆ ಅವಳು ನನ್ನ ಕೈ ಹಿಡಿದದ್ದು ಎಂಡೋಲ ಮುಟ್ಟುವವರೆಗೂ ಬಿಡಲಿಲ್ಲ. ಅಲ್ಲಿ ಅವಳ ಅಕ್ಕನದು ಎರಡು ಕೋಣೆಯ ಮನೆ, ಮೂರು ಚಿಕ್ಕ ಮಕ್ಕಳು. ವಾರದೊಳಗೆ ಚಿಕ್ಕಪ್ಪಂದಿರು ಬಂದರು. ಅಕ್ಕ ಬಾಗಿಲಿಗೆ ಅಡ್ಡ ನಿಂತು, ಈ ಸಲ ಕರ್ಕೊಂಡು ಹೋಗಬೇಕಾದ್ರೆ ನನ್ನ ಮೂರು ಮಕ್ಕಳನ್ನೂ ಸೇರಿಸಿ ಕರ್ಕೊಂಡು ಹೋಗಿ, ನೀವೇ ಸಾಕಿ ಅಂದಳಂತೆ. ಅವರು ಚಹಾ ಕುಡಿದು ಹೋದರು.

ಹದಿನೈದು ದಿನವಾದ ಮೇಲೆ ಕಲಾಲಾ ನನ್ನ ಅಂಗಡಿ ಮುಂದೆ ಪಿಕಪ್ ನಿಲ್ಲಿಸಿದ. ಹಿಂದೆ ಕಪಿತಾವ್, ಕತ್ತಿಗೆ ಎರಡು ಸರಪಳಿ.

“ಅಣ್ಣ ಸೂಜಿ ಹಾಕಿಸಿ ಸಾಯಿಸಿಬಿಡು ಅಂದ. ಕೆಟ್ಟುಹೋಗಿದೆಯಂತೆ,” ಎಂದ. ನೆಲ ನೋಡುತ್ತ ಸೇರಿಸಿದ: “ನಂಗೆ ಮನಸ್ಸಾಗ್ಲಿಲ್ಲ. ವರ್ಷವಿಡೀ ಊಟ ಹಾಕಿದ್ದೀನಿ. ನಾಯಿಗೂ, ಅತ್ತಿಗೆಗೂ. ನನ್ನ ಕೈಲೇ.”

ಸರಪಳಿ ತೆಗೆದುಕೊಂಡೆ.

ಸುದ್ದಿ ತಿಳಿದ ಎಕ್ಸಿಲ್ಡಾ ಮರುದಿನವೇ ಬಸ್ಸು ಹತ್ತಿ ಬಂದಳು. ನಾಯಿಯನ್ನು ಎಂಡೋಲಕ್ಕೆ ಕರೆದೊಯ್ಯುತ್ತೇನೆ ಎಂದಳು. ಆಗುವುದಿಲ್ಲ ಎಂದೆ.

“ಯಾಕಾಗಲ್ಲ? ನಂಗೆ ಒರಗುತ್ತೆ ಅದು. ನೀವೇ ಹೇಳಿದ್ರಿ, ತನ್ನವರಿಗೆ ಮಾತ್ರ ಅಂತ.”

“ನಿನಗೆ ಒರಗುತ್ತೆ. ನಿಮ್ಮಕ್ಕನಿಗೆ? ಬೀದೀಲಿ ಹೋಗೋ ಹೆಂಗಸರಿಗೆ? ಚಿತೆಂಗೆ ಉಟ್ಟ ಯಾರೋ ಒಬ್ಬಳು ನಿಮ್ಮ ಬಾಗಿಲಿಗೆ ಓಡಿ ಬಂದ್ರೆ? ಮಕ್ಕಳು ಅಮ್ಮನ ಬಟ್ಟೆ ಸುತ್ಕೊಂಡು ಆಟ ಆಡಿದ್ರೆ? ಎಂಟು ವಾರದಲ್ಲಿ ನಾವು ಅದರ ತಲೇಲಿ ಒಂದು ಸಣ್ಣ ದಾರಿ ಮಾಡಿದ್ದೀವಿ, ಮಗಳೇ. ಅಷ್ಟೆ.”

“ಮತ್ತೆ ನೀವೂ ಕಟ್ಟೇ ಹಾಕ್ತೀರಾ ಅದನ್ನ?” ಎಂದಳು. ಅವಳ ಕಣ್ಣು ಕೆಂಪಾಗಿತ್ತು. “ಒಳ್ಳೆಯದಕ್ಕೆ ಅಂತ ಎಲ್ಲರೂ ಹೀಗೇ ಹೇಳಿದ್ರು.”

ಅವಳು ಅಂದು ನನ್ನ ಮನೆಯಲ್ಲಿ ಊಟ ಮಾಡದೆ ಹೋದಳು.

ಕೊನೆಗೆ ಎಂಪೋಂಗ್ವೆಯ ಕಡೆ ಬಾ ಕುಂಡಾ ಎಂಬ ಹಳೆಯ ಗಣಿಕಾರ್ಮಿಕರು ಒಪ್ಪಿದರು. ಹೆಂಡತಿ ತೀರಿಹೋಗಿದ್ದಾರೆ, ಒಬ್ಬರೇ ಇರುತ್ತಾರೆ, ಸುತ್ತ ದೊಡ್ಡ ಬೇಲಿಯ ಜಮೀನು. ಬೆಳಿಗ್ಗೆ, ಸಂಜೆ ನಾಯಿಯನ್ನು ಜೊತೆಗೆ ಕರೆದುಕೊಂಡು ಇಡೀ ಬೇಲಿ ಸುತ್ತುತ್ತಾರೆ. ಹೆಂಗಸರು ಯಾರಾದರೂ ಬಂದರೆ ಮೊದಲು ನಾಯಿಯನ್ನು ಹಿಂದಿನ ಕೊಟ್ಟಿಗೆಗೆ ಹಾಕುತ್ತಾರೆ. ಹೊಡೆದು ಕಲಿಸಿದ್ದು ಅದರಿಂದ ಎಂದೂ ಪೂರ್ತಿ ಬಿಟ್ಟುಹೋಗುವುದಿಲ್ಲ ಎಂದು ಅವರಿಗೆ ಹೇಳಿದ್ದೇನೆ.

ಆರು ತಿಂಗಳ ಮೇಲೆ ಎಕ್ಸಿಲ್ಡಾ ತಾನಾಗಿ ಫೋನ್ ಮಾಡಿ, ಒಂದು ಸಲ ನೋಡಬೇಕು ಎಂದಳು. ಇಬ್ಬರೂ ಹೋದೆವು. ಅವಳು ಈಗ ಎಂಡೋಲದ ಮಾರುಕಟ್ಟೆಯಲ್ಲಿ ಒಬ್ಬಾಕೆಯ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕೆನ್ನೆ ತುಂಬಿದೆ. ನಾನು ಬೇಲಿಯಾಚೆಯೇ ನಿಂತೆ, ಅವಳೊಬ್ಬಳಿಗಾಗಿ ಬಾ ಕುಂಡಾ ನಾಯಿಯನ್ನು ಬಿಟ್ಟರು. ಕಪಿತಾವ್ ದೂರದಿಂದಲೇ ನೋಡಿ ನಿಂತಿತು. ಅವಳು ಪಕ್ಕಕ್ಕೆ ತಿರುಗಿ ನಿಂತಳು. ಅದು ಸುತ್ತುಹಾಕಿ ಹಿಂದಿನಿಂದ ಬಂದು ಮೊಣಕಾಲಿಗೆ ಒರಗಿತು, ಆ ಭಾರಕ್ಕೆ ಅವಳು ಮುಗ್ಗರಿಸಿ, ಬಾ ಕುಂಡಾ ಅವರ ಟೊಮೇಟೊ ಪಾತಿಯಲ್ಲಿ ಕೂತೇಬಿಟ್ಟಳು. ಬಾ ಕುಂಡಾ, “ಅಯ್ಯೋ ನನ್ನ ಗಿಡ!” ಎಂದು ಕೂಗಿದರು. ಅವಳು ನಗುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ನಿದ್ದೆ ಚೆನ್ನಾಗಿ ಬರುತ್ತಾ ಎಂದು ಕೇಳಿದೆ.

“ಬರುತ್ತೆ. ಆದ್ರೆ ಬಾಗಿಲು ಹಾಕಿದ್ರೆ ಬರಲ್ಲ. ತೆರೆದಿಟ್ಟೇ ಮಲಗ್ತೀನಿ. ಅಕ್ಕ ದಿನಾ ಬೈತಾಳೆ, ಸೊಳ್ಳೆ ಬರುತ್ತೆ, ಕಳ್ಳರು ಬರ್ತಾರೆ ಅಂತ. ನೀನೇ ಏನಾದ್ರೂ ಮಾಡ್ಕೋ ಅಂತ ಮೊನ್ನೆ ಒಂದು ಸೊಳ್ಳೆಪರದೆ ತಂದು ನನ್ನ ಮೇಲೆ ಎಸೆದಳು.”

ಮುಂದಿನ ಸ್ಟಾಪಿನಲ್ಲಿ ಹುರಿದ ಶೇಂಗಾ ಮಾರುವವಳು ಹತ್ತಿದಳು. ಎಕ್ಸಿಲ್ಡಾ ಎರಡು ಪೊಟ್ಟಣ ಕೊಂಡು, ಒಂದನ್ನು ನನ್ನ ಮಡಿಲಿಗೆ ಹಾಕಿದಳು.